ರಾಣಿ ಪದಕ್ಕೆ ನಲವತ್ತು ನಿಮಿಷ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಆಸ್ಪತ್ರೆಯೊಂದರ ಮಹಡಿ ಮೇಲೆ ನನ್ನ ಆಫೀಸು ಇದೆ. ಆಫೀಸು ಅಂದರೆ ಒಂದು ಟೇಬಲ್ಲು, ಮೂರು ಕುರ್ಚಿ, ಎರಡು ಮೊಬೈಲು. ಶಾಲೆಯ ವಾರ್ಷಿಕೋತ್ಸವಕ್ಕೆ, ಗಣಪತಿ ಪೆಂಡಾಲಿಗೆ, ರಾಜ್ಯೋತ್ಸವಕ್ಕೆ, ಮಹಿಳಾ ಸಂಘದ ಹಬ್ಬಕ್ಕೆ ಕಲಾವಿದರನ್ನು ಗೊತ್ತು ಮಾಡಿಕೊಡುವುದು ನನ್ನ ಕಸುಬು. ಡೊಳ್ಳು, ವೀರಗಾಸೆ, ಮ್ಯಾಜಿಕ್, ಮಿಮಿಕ್ರಿ, ತೊಗಲುಗೊಂಬೆ, ಏನು ಬೇಕೋ ಹೇಳಿ, ಊರೂರು ತಿರುಗುವ ಯಾವ ತಂಡ ಈ ವಾರ ಎಲ್ಲಿ ಬೀಡು ಬಿಟ್ಟಿದೆ ಅನ್ನುವುದು ನನಗೆ ಗೊತ್ತಿರುತ್ತದೆ. ಕೆಳಗೆ ಹಲ್ಲು ಕೀಳಿಸಿಕೊಳ್ಳುವವರು ನರಳುತ್ತಾರೆ, ಮೇಲೆ ನಾನು ಫೋನಿನಲ್ಲಿ ಕೂಗಾಡುತ್ತೇನೆ. ಡಾಕ್ಟರು ಎರಡು ಮೂರು ಸಲ ಹೇಳಿಕಳಿಸಿದ್ದಾರೆ, ಅವರ ಪೇಷಂಟುಗಳು ನನ್ನ ದನಿಗೇ ಹೆಚ್ಚು ಹೆದರುತ್ತಾರಂತೆ.

ಕೂಗಾಡದೆ ಏನು ಮಾಡಲಿ? ಕೆ.ಬಿ. ಬಡಾವಣೆಯ ಗಣಪತಿ ಸಮಿತಿಯವರು ಹತ್ತು ಜನರ ಡೊಳ್ಳಿನ ತಂಡ ಬೇಕೆಂದರು. ಆದರೆ ಪಕ್ಕದಲ್ಲೇ ನರ್ಸಿಂಗ್ ಹೋಮ್ ಇರುವುದರಿಂದ ಸದ್ದು ಕಡಿಮೆ ಇರಬೇಕಂತೆ. ಇನ್ನೊಂದು ಮಹಿಳಾ ಸಂಘದವರಿಗೆ ಮ್ಯಾಜಿಕ್ ಬೇಕಿತ್ತು, ಆದರೆ ಶ್ರಾವಣ ಮಾಸವಾದ್ದರಿಂದ ಟೋಪಿಯೊಳಗಿಂದ ಮೊಟ್ಟೆ ತೆಗೆಯಕೂಡದು. ನಿಂಬೆಹಣ್ಣು ತೆಗೆದರೆ ನಡೆಯುತ್ತದೆಯೇ ಎಂದು ಕೇಳಿದೆ. ನಿಂಬೆಹಣ್ಣು ಮಾಟ ಮಾಡಿಸಿದ ಹಾಗೆ ಕಾಣುತ್ತದೆ, ಅದೂ ಬೇಡ ಎಂದರು. ಕೊನೆಗೆ ಮೋಸಂಬಿಗೆ ಒಪ್ಪಿದರು, ಮೋಸಂಬಿ ಬಚ್ಚಿಡುವಷ್ಟು ದೊಡ್ಡ ಟೋಪಿಗಾಗಿ ಒಂದು ದಿನವೆಲ್ಲ ನಾನೇ ಅಂಗಡಿ ಅಂಗಡಿ ಸುತ್ತಿದೆ.

ಇಷ್ಟನ್ನೆಲ್ಲ ನಕ್ಕು ಸಹಿಸಿಕೊಳ್ಳಬಹುದು. ನನ್ನ ಪಿತ್ತ ನೆತ್ತಿಗೇರುವುದು ಸನ್ಮಾನಕ್ಕೆ. ನಮ್ಮ ಕಡೆ ಕಾರ್ಯಕ್ರಮ ಅಂದರೆ ಶಾಲು ಹೊದಿಸುವುದಕ್ಕೆ ಹುಡುಕಿಕೊಂಡ ಒಂದು ನೆಪ. ವೇದಿಕೆ ಮೇಲೆ ಹನ್ನೆರಡು ಕುರ್ಚಿ ಇದ್ದರೆ ಹನ್ನೆರಡು ಜನಕ್ಕೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಫೋಟೋ ಸರಿಯಾಗಿ ಬರಲಿಲ್ಲವೆಂದು ಹೊದಿಸಿದ ಶಾಲನ್ನು ತೆಗೆದು ಮತ್ತೆ ಹೊದಿಸಿದ್ದನ್ನೂ ನೋಡಿದ್ದೇನೆ. ಆಮೇಲೆ ಒಬ್ಬೊಬ್ಬರಿಂದಲೂ ಎರಡು ಮಾತು. ಈ ಎರಡು ಮಾತು ಅನ್ನುವುದು ಕಾಲು ಗಂಟೆಗಿಂತ ಬೇಗ ಮುಗಿದದ್ದನ್ನು ನನ್ನ ಕಣ್ಣಾರೆ ಕಂಡಿಲ್ಲ. ಅಷ್ಟು ಹೊತ್ತೂ ಕಲಾವಿದರು ಮುಖಕ್ಕೆ ಬಣ್ಣ ಬಳಿದುಕೊಂಡು ಬೆವರುತ್ತ ಹಿಂದೆ ನಿಂತಿರುತ್ತಾರೆ. ಕೊನೆಗೆ ಯಾರಾದರೊಬ್ಬರು ಗಡಿಯಾರ ತೋರಿಸಿ, ಐದು ನಿಮಿಷದಲ್ಲಿ ಮುಗಿಸಿಬಿಡಿ ಅನ್ನುತ್ತಾರೆ.

ಹೀಗೆ ಐದು ನಿಮಿಷಕ್ಕೆ ಇಳಿದವರಲ್ಲಿ ಹದಡಿ ಹತ್ತಿರದ ಹಳ್ಳಿಯ ಒಬ್ಬ ಅಜ್ಜ, ಅಜ್ಜಿ ಇದ್ದರು. ತೊಗಲುಗೊಂಬೆ ಆಡಿಸುವ ಗಂಡ ಹೆಂಡತಿ. ಬಿಳಿ ಪರದೆಯ ಹಿಂದೆ ದೀಪ ಹಚ್ಚಿ ಅಜ್ಜ ಗೊಂಬೆ ಕುಣಿಸುತ್ತಿದ್ದ. ರಾಜ, ರಾಣಿ, ಹುಲಿ, ಕಾವಲುಗಾರ, ಎಲ್ಲರ ಮಾತೂ ಹಾಡೂ ಅಜ್ಜಿಯದು. ಅವರ ಹತ್ತಿರ ಎರಡು ಆಟ ಇದ್ದವು. ಒಂದು ಹುಲಿ ಆಟ, ಹುಲಿ ಬಂದು ರಾಜನ ಪೇಟ ಕಚ್ಚಿಕೊಂಡು ಓಡುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಏಳು ನಿಮಿಷ. ಇನ್ನೊಂದು ರಾಣಿ ಪದ. ಕೋಟೆಯಲ್ಲಿ ಸೆರೆಯಾದ ರಾಣಿ, ಕಿಟಕಿಗೆ ಬಂದು ಕೂತ ಗಿಳಿಯ ಹತ್ತಿರ ತವರಿನ ಸುದ್ದಿ ಕೇಳುತ್ತ ಹಾಡುತ್ತಾಳೆ. ಅವ್ವನ ಮೊಣಕಾಲು ನೋವು ಹೇಗಿದೆ, ಹಿತ್ತಲ ನುಗ್ಗೆಗಿಡ ಕಾಯಿ ಬಿಟ್ಟಿದೆಯೇ, ಹೀಗೆ ಒಂದೊಂದೇ. ಗಿಳಿ ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಅನ್ನುತ್ತದೆ. ಕೊನೆಗೆ ತಾನು ಬಿಟ್ಟುಬಂದ ಕರುವಿನ ಸುದ್ದಿ ಕೇಳಿದಾಗ ಮಾತ್ರ ಗಿಳಿ ಬಾಯಿ ಬಿಡುವುದಿಲ್ಲ. ಅದಕ್ಕೆ ನಲವತ್ತು ನಿಮಿಷ ಬೇಕು.

ಅದನ್ನು ನಾನು ಪೂರ್ತಿ ಕೇಳಿದ್ದು ಒಂದೇ ಸಲ, ಅವರ ಮನೆಯ ಅಂಗಳದಲ್ಲಿ. ಮೂಗು ಒರೆಸಿಕೊಂಡು ಎದ್ದವಳೇ ನಾನು ಅವರಿಗೆ ಹೇಳಿದ್ದು ಏನು ಗೊತ್ತೆ? ಇದನ್ನು ಶಾಲೆಗಳಲ್ಲಿ ಯಾರೂ ಕರೆಸುವುದಿಲ್ಲ, ಇನ್ನು ಮೇಲೆ ಹುಲಿಯನ್ನಷ್ಟೇ ಆಡಿ ಎಂದು. ಕಸುಬಿನವಳ ಬುದ್ಧಿ. ಅಂದಿನಿಂದ ರಾಣಿಯ ಗೊಂಬೆ ಟ್ರಂಕಿನ ತಳ ಸೇರಿತು, ಹುಲಿ ಜಿಲ್ಲೆಯೆಲ್ಲ ತಿರುಗಿತು.

ಒಂದು ಮಧ್ಯಾಹ್ನ ಇಬ್ಬರೂ ಮೆಟ್ಟಿಲು ಹತ್ತಿ ನನ್ನ ಆಫೀಸಿಗೆ ಬಂದರು. ಅದೇ ರಸ್ತೆಯ ಗಂಟಲ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದರು. ಅಜ್ಜಿ ಚಹಾದ ಲೋಟ ಪಕ್ಕಕ್ಕಿಟ್ಟು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು.

"ಗಂಟ್ಲು ಕುಯ್ಯಬೇಕಂತ್ರಿ ಮೇಡಂ. ಆಮ್ಯಾಲೆ ದನಿ ಇರತೈತೋ ಇಲ್ಲೋ, ಹೇಳಾಕ ಬರಲ್ಲ ಅಂದ್ರು. ಅದಕ್ಕ ರಾಣಿ ಪದ ಒಂದ್ಸಲ ಪೂರ್ತಿ ಹಾಡ್ಬೇಕ್ರಿ. ಮಕ್ಕಳ ಮುಂದೆ."

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕಿತ್ತು. ಮಂಗಳವಾರ ಹರಿಹರದ ಒಂದು ಶಾಲೆಯ ಜಾನಪದ ಹಬ್ಬಕ್ಕೆ ಅವರದೇ ಹುಲಿ ಆಟ ಗೊತ್ತಾಗಿತ್ತು. ನಾನು ಎದೆ ತಟ್ಟಿಕೊಂಡು ಹೇಳಿದೆ, ಅಲ್ಲಿ ನಲವತ್ತು ನಿಮಿಷ ಕೊಡಿಸುವ ಜವಾಬ್ದಾರಿ ನನ್ನದು ಎಂದು.

ಆವತ್ತೇ ಪ್ರಿನ್ಸಿಪಾಲರಿಗೆ ಫೋನು ಮಾಡಿದೆ. ಅವರಿಗೆ ಅಳುವ ರಾಣಿ ಯಾಕೆ ಬೇಕು ಅನ್ನುವುದೇ ತಿಳಿಯಲಿಲ್ಲ, ಹುಲಿಯೇ ಚೆನ್ನಾಗಿತ್ತಲ್ಲ ಎಂದರು. ನಾನು ಬೇಡಿದೆ, ರೇಗಿದೆ, ಮುಂದಿನ ವರ್ಷ ಡೊಳ್ಳಿನವರನ್ನು ಬೇರೆ ಯಾರಿಂದಾದರೂ ತರಿಸಿಕೊಳ್ಳಿ ಎಂದೂ ಹೆದರಿಸಿದೆ. ಹನ್ನೆರಡೂ ಮುಕ್ಕಾಲಿನಿಂದ ಒಂದೂ ಇಪ್ಪತ್ತೈದರವರೆಗೆ ಗೊಂಬೆಯಾಟ ಎಂದು ಬರೆಸಿಕೊಂಡೆ. ಒಂದೂವರೆಗೆ ಸರಿಯಾಗಿ ಮಕ್ಕಳ ವ್ಯಾನುಗಳು ಹೊರಡುತ್ತವೆ, ಅದನ್ನು ಮಾತ್ರ ದೇವರು ಬಂದರೂ ತಡೆಯುವ ಹಾಗಿಲ್ಲ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದರು.

ಮಂಗಳವಾರ ನಾನೇ ಅವರಿಬ್ಬರನ್ನೂ ಟ್ರಂಕನ್ನೂ ಕರೆದುಕೊಂಡು ಹರಿಹರಕ್ಕೆ ಹೋದೆ. ಸಭಾಂಗಣದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿದೆ. ವೇದಿಕೆಯ ಹಿಂಭಾಗದಲ್ಲೇ ಪರದೆ ಕಟ್ಟಿ, ಅದರ ಹಿಂದೆ ಅಜ್ಜಿಗೊಂದು ಮೈಕು ಇಡಿಸಿದೆ. ವಿಡಿಯೋ ತೆಗೆಯುವವನ ಹತ್ತಿರ, ಗೊಂಬೆಯಾಟ ಒಂದು ಕ್ಷಣವೂ ಬಿಡದೆ ತೆಗೆಯಬೇಕು ಎಂದು ಆಣೆ ಹಾಕಿಸಿಕೊಂಡೆ. ಅಜ್ಜಿ ಆ ದಿನ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಇದ್ದಬದ್ದ ದನಿಯನ್ನೆಲ್ಲ ಪದಕ್ಕೆ ಉಳಿಸಿಕೊಂಡಿದ್ದಳು. ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರಿಗೂ ಬೆರಳಲ್ಲೇ ತೋರಿಸಿದಳು.

ಕಾರ್ಯಕ್ರಮ ಶುರುವಾಯಿತು. ನಾನು ವೇದಿಕೆಯ ಮೆಟ್ಟಿಲ ಬಳಿ ಕಾವಲು ನಿಂತೆ. ಫ್ಯಾನಿನ ಗಾಳಿಗೆ ದೀಪ ಹತ್ತಲಿಲ್ಲ, ಫ್ಯಾನ್ ಆರಿಸಿದೆ. ನಿರೂಪಣೆಯ ಟೀಚರು ಅತಿಥಿಗಳನ್ನು ಬಣ್ಣಿಸುತ್ತ ಮೈಮರೆತಾಗ ಕೈಗಡಿಯಾರ ತೋರಿಸಿದೆ. ಮಾತನಾಡುತ್ತ ತಮ್ಮ ಬಾಲ್ಯಕ್ಕೆ ಇಳಿದಿದ್ದ ಅತಿಥಿಯೊಬ್ಬರಿಗೆ ಚೀಟಿ ಕಳಿಸಿದೆ, ಅವರು ಮೂರನೇ ಕ್ಲಾಸಿನಲ್ಲೇ ನಿಲ್ಲಿಸಿದರು. ವಂದನಾರ್ಪಣೆಯನ್ನೇ ಕಿತ್ತುಹಾಕಿಸಿದೆ. ಹನ್ನೆರಡೂ ನಲವತ್ತಕ್ಕೆ ಸನ್ಮಾನ ಮುಗಿಯುವ ಹಂತಕ್ಕೆ ಬಂತು. ನನ್ನ ಹದಿನೈದು ವರ್ಷದ ಕಸುಬಿನಲ್ಲಿ ಯಾವ ಕಾರ್ಯಕ್ರಮವೂ ಇಷ್ಟು ಸಮಯಕ್ಕೆ ಸರಿಯಾಗಿ ನಡೆದಿರಲಿಲ್ಲ, ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಆಗ ಒಂದು ಪೇಟ ಉಳಿದುಹೋಯಿತು. ಕರೆದ ಅತಿಥಿಗಳಲ್ಲಿ ಒಬ್ಬರು ಬಂದಿರಲಿಲ್ಲ. ನಮ್ಮ ಕಡೆ ತಂದ ಪೇಟವನ್ನು ಯಾರ ತಲೆಗೂ ಇಡದೆ ವಾಪಸು ಒಯ್ಯುವ ಪದ್ಧತಿ ಇಲ್ಲ, ಅದು ಅಪಶಕುನವೋ ಅವಮಾನವೋ ಯಾರಿಗೂ ಗೊತ್ತಿಲ್ಲ, ಒಟ್ಟಿನಲ್ಲಿ ಇಲ್ಲ. ಪ್ರಿನ್ಸಿಪಾಲರು ತಟ್ಟೆಯಲ್ಲಿದ್ದ ಪೇಟ ನೋಡಿದರು, ಸುತ್ತಲೂ ಒಂದು ಖಾಲಿ ತಲೆ ಹುಡುಕಿದರು. ಮೆಟ್ಟಿಲ ಬಳಿ ನನ್ನ ತಲೆ ಕಾಣಿಸಿತು. ಮೈಕಿನಲ್ಲಿ ನನ್ನನ್ನು ಕಲೆಯ ಮಹಾಪೋಷಕಿ ಎಂದು ಕರೆದರು. ನಾನು ಬೇಡ ಎಂದು ಕೈಯಾಡಿಸಿದೆ. ಆದರೆ ಕೈಯಾಡಿಸುತ್ತಲೇ ಮೆಟ್ಟಿಲು ಹತ್ತಿದೆ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಶಾಲು ಬಂತು, ಹಾರ ಬಂತು, ಪೇಟ ತಲೆಗೆ ಸ್ವಲ್ಪ ಬಿಗಿಯಾಗಿಯೇ ಕೂತಿತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಎರಡೇ ಮಾತಾಡಿ ಇಳಿಯೋಣ ಎಂದೇ ನಿಂತೆ, ನನ್ನ ಮಾತು ನಂಬಿ. ಕಲಾವಿದರಿಗೆ ಕಾಲಾವಕಾಶ ಕೊಡಬೇಕು ಎಂದು ಆರಂಭಿಸಿದೆ. ಚಪ್ಪಾಳೆ ಬಿತ್ತು. ಹದಿನೈದು ವರ್ಷ ಫೋನಿನಲ್ಲಿ ಕೂಗಿದ್ದನ್ನು ಮೊದಲ ಸಲ ಜನ ಕೂತು ಕೇಳುತ್ತಿದ್ದರು. ಕಡಿಮೆ ಸದ್ದಿನ ಡೊಳ್ಳಿನ ಕಥೆ ಹೇಳಿದೆ, ನಕ್ಕರು. ಮೋಸಂಬಿಯದೂ ಹೇಳಿದೆ. ಭಾಷಣಗಳು ಕಲೆಯನ್ನು ನುಂಗುತ್ತಿವೆ ಎಂದೆ, ಅತಿಥಿಗಳೂ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಬಾಲ್ಯಕ್ಕೂ ಹೋಗಿ ಬಂದೆ, ಅಲ್ಲಿ ಚೀಟಿ ಕಳಿಸುವವರು ಯಾರೂ ಇರಲಿಲ್ಲ. ಆ ಕೆಲಸದವಳೇ ಮೈಕಿನ ಮುಂದೆ ಇದ್ದಳು.

ಇಳಿದು ನೋಡಿದರೆ ಒಂದೂ ಇಪ್ಪತ್ತು. ಹೊರಗೆ ವ್ಯಾನುಗಳು ಹಾರನ್ ಮಾಡತೊಡಗಿದ್ದವು. ಪ್ರಿನ್ಸಿಪಾಲರು ಪರದೆಯ ಹತ್ತಿರ ಬಗ್ಗಿ, ಹುಲಿ ಆಟ ಒಂದು ಆಡಿಸಿಬಿಡಿ ಎಂದರು. ಪರದೆಯ ಹಿಂದೆ ಓಡಿದೆ. ಅಜ್ಜ ಆಗಲೇ ರಾಣಿಯ ಗೊಂಬೆಯನ್ನು ಪರದೆಗೆ ಚುಚ್ಚಿ ನಿಲ್ಲಿಸಿದ್ದ ಮುಳ್ಳಿನಿಂದ ಬಿಡಿಸುತ್ತಿದ್ದ. ನಾನು ಏನೇನೋ ಬಡಬಡಿಸಿದೆ, ವ್ಯಾನು ತಡೆಸುತ್ತೇನೆ ಎಂದೆ. ಅಜ್ಜಿ ನನ್ನ ತಲೆಯ ಮೇಲಿನ ಪೇಟವನ್ನು ನೋಡಿ, "ಇರ್ಲಿ ಬಿಡ್ರಿ," ಎಂದಳು. ಆ ದಿನ ಅವಳು ಆಡಿದ ಮೊದಲ ಮಾತು ಅದು. ಆಮೇಲೆ ಹುಲಿಯ ಹಾಗೆ ಗರ್ಜಿಸಿದಳು. ಹುಲಿ ರಾಜನ ಪೇಟ ಕಚ್ಚಿಕೊಂಡು ಓಡಿತು, ಮಕ್ಕಳು ಬಿದ್ದು ಬಿದ್ದು ನಕ್ಕರು, ವ್ಯಾನುಗಳು ಸಮಯಕ್ಕೆ ಸರಿಯಾಗಿ ಹೊರಟವು.

ಬಸ್‌ಸ್ಟ್ಯಾಂಡಿನಲ್ಲಿ ಕೈಮುಗಿದು ಕೇಳಿದೆ, ನನ್ನ ಆಫೀಸಿಗೆ ಬಂದು ಹಾಡಿ, ನಾನೊಬ್ಬಳೇ ಕೂತು ಕೇಳುತ್ತೇನೆ ಎಂದು. ಅಜ್ಜಿ ಇಲ್ಲವೆಂದು ತಲೆಯಾಡಿಸಿ ಗಂಟಲು ಮುಟ್ಟಿ ತೋರಿಸಿದಳು. ಅಜ್ಜ ಹೇಳಿದ, ಹುಲಿ ಕೂಗಿ ಗಂಟಲು ಒಡೆದುಹೋಗಿದೆ, ಇನ್ನು ಆಗುವುದಿಲ್ಲ ಎಂದು. ದಾವಣಗೆರೆ ಬರುವವರೆಗೂ ನಾನು ಹಣ್ಣಿನ ಬುಟ್ಟಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಇಳಿಯುವಾಗ ಅದನ್ನು ಅವರಿಗೆ ಕೊಡಲು ಹೋಗಿ, ನಾಚಿಕೆಯಾಗಿ ಸೀಟಿನಲ್ಲೇ ಬಿಟ್ಟು ಬಂದೆ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಒಂದು ತಿಂಗಳ ಮೇಲೆ ಶಾಲೆಯವರು ವಾಟ್ಸಾಪಿನಲ್ಲಿ ನನ್ನ ಭಾಷಣದ ವಿಡಿಯೋ ಕಳಿಸಿದರು, ತುಂಬಾ ಪ್ರೇರಣಾದಾಯಕ ಎಂದು ಕೆಳಗೆ ಬರೆದು ಮೂರು ಕೈಮುಗಿದ ಚಿತ್ರ ಹಾಕಿದ್ದರು. ಮೊದಲ ಸಲ ನೋಡಿದಾಗ, ಪಾಪಿ ನಾನು, ಪೇಟ ನನಗೆ ಒಪ್ಪುತ್ತದೆಯೇ ಎಂದು ನೋಡಿದೆ. ಎರಡನೇ ಸಲ ನೋಡುವಾಗ ನನ್ನ ಬೆನ್ನ ಹಿಂದಿನ ಪರದೆ ಕಾಣಿಸಿತು. ದೀಪ ಹಚ್ಚಿತ್ತು. ಕೋಟೆಯ ಕಿಟಕಿ, ಅದರಲ್ಲಿ ರಾಣಿ. ನಾನು ಕೈ ಬೀಸಿ ಬೀಸಿ ಮಾತನಾಡುತ್ತಿರುವಷ್ಟು ಹೊತ್ತೂ ಅವಳು ಅಲ್ಲೇ ನಿಂತಿದ್ದಳು. ಮೂರನೇ ಸಲ ಕಿವಿಗೊಟ್ಟು ಕೇಳಿದೆ. ಪರದೆಯ ಹಿಂದಿನ ಮೈಕು ಚಾಲೂ ಇತ್ತು. ನಾನು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಿ, ಬಹಳ ಸಣ್ಣಗೆ, ಅಜ್ಜಿ ಪದದ ಮೊದಲ ಸಾಲನ್ನು ಗುನುಗಿ ದನಿ ಹದ ಮಾಡಿಕೊಳ್ಳುತ್ತಿದ್ದಳು. ಹಾಡು ಏರುವಷ್ಟರಲ್ಲಿ ನಾನು ಮತ್ತೆ ಬಾಯಿ ತೆರೆಯುತ್ತಿದ್ದೆ.

ಅವಳ ದನಿಯಲ್ಲಿ ರಾಣಿ ಪದ ಬೇರೆಲ್ಲೂ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿ, ಕೊನೆಗೆ ಹೋಗಿ ಆ ವಿಡಿಯೋವನ್ನು ಅಜ್ಜನ ಮೊಬೈಲಿಗೆ ಹಾಕಿಕೊಟ್ಟೆ. ಅಜ್ಜಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಅಲ್ಲಿ ನಿಲ್ಲಲಾರದೆ ಬೇಗ ಬಂದುಬಿಟ್ಟೆ.

ಮೊನ್ನೆ ಮತ್ತೆ ಆ ಕಡೆ ಹೋದಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಮೊಬೈಲಿನಿಂದ ನನ್ನದೇ ದನಿ ಜೋರಾಗಿ ಕೇಳಿಬರುತ್ತಿತ್ತು. ದಿನಾ ಊಟವಾದ ಮೇಲೆ ಇಬ್ಬರೂ ಕೂತು ಕೇಳುತ್ತಾರಂತೆ. ನನ್ನನ್ನು ಕಂಡು ಅಜ್ಜ ಖುಷಿಯಿಂದಲೇ ಜಾಗ ಮಾಡಿಕೊಟ್ಟ.

"ಕೂಡ್ರಿ ಮೇಡಂ. ಪೂರಾ ಬಾಯಿಪಾಠ ಆಗೈತ್ರಿ ನಂಗೆ ನಿಮ್ ಭಾಷಣ," ಎಂದ. ಅಜ್ಜಿ ಬಾಗಿಲಲ್ಲಿ ನಿಂತು ನಕ್ಕಳು, ಸದ್ದಿಲ್ಲದೆ. ಅಜ್ಜ ವಿಡಿಯೋವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನನ್ನ ಕಿವಿಯ ಹತ್ತಿರ ಹಿಡಿದ. ಕಲಾವಿದರಿಗೆ ಕಾಲಾವಕಾಶ ಕೊಡಬೇಕು, ಎಂದು ನಾನು ಹೇಳುತ್ತಿದ್ದೆ. ಚಪ್ಪಾಳೆ. ಅದರ ಹಿಂದೆಯೇ ಅಜ್ಜಿಯ ಗುನುಗು ಆರಂಭವಾಗಿ, ನನ್ನ ಮಾತಿನಡಿ ಮುಳುಗಿಹೋಯಿತು.

"ಆಕಿ ಇಲ್ಲಿ ಚಲೋ ಎತ್ಕೊಂಡಿದ್ಲು," ಅಂದ ಅಜ್ಜ. "ಇಲ್ಲಿ ಒಂಚೂರು ಸುಮ್ನಿರಬೇಕಿತ್ ನೋಡ್ರಿ ನೀವು."