ಎಡಹೆಗಲ ಮೇಲಿನ ಬಿಲ್ಲೆ

ಕಾಕು ಉಡುತ್ತಿದ್ದ ಸೀರೆಗಳಿಗೆಲ್ಲ ಎಡಹೆಗಲು ಬರುವ ಜಾಗದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಹೊಸ ಸೀರೆ ತಂದು ಉಟ್ಟರೂ ಅಷ್ಟೇ, ನಾಲ್ಕು ಸಲ ಉಡುವುದರೊಳಗೆ ಅದರ ಹೆಗಲು ರವೆ ಸೋಸುವ ಜರಡಿಯಂತಾಗುತ್ತಿತ್ತು. ಉಳಿದ ಸೀರೆ ಗರಿಗರಿ, ಆ ಅಂಗೈಯಗಲ ಜಾಗ ಮಾತ್ರ ಜೀರ್ಣ. ಯಾಕೆಂದರೆ ಕಾಕು ದಿನವೂ ಸೆರಗಿಗೆ ಒಂದು ಹಳೆಯ ಬ್ರೋಚ್ ಚುಚ್ಚಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ.

ಜಮಖಂಡಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರದು ಒಳಗೆ ಮರಾಠಿ, ಹೊರಗೆ ಬಂದರೆ ಕನ್ನಡ. ಹಾಗಾಗಿ ಸಣ್ಣವರು ದೊಡ್ಡವರೆನ್ನದೆ ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ದುಡಿದು ನಿವೃತ್ತರಾಗಿದ್ದರು. ಆದರೆ ಬೆರಳುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಮಾತಾಡುವಾಗ ತೊಡೆಯ ಮೇಲೆ ಟಕಟಕ ಆಡುತ್ತಲೇ ಇರುತ್ತಿದ್ದವು. ನಾವು ಹೇಳಿದ್ದನ್ನೆಲ್ಲ ಅವರು ಟೈಪು ಮಾಡಿಕೊಳ್ಳುತ್ತಾರೆಂದು ಸಣ್ಣ ಹುಡುಗಿಯಾಗಿದ್ದಾಗ ನನಗೆ ಖಾತ್ರಿಯಾಗಿತ್ತು.

ಬ್ರೋಚ್ ಎನ್ನುವ ಶಬ್ದ ಓಣಿಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಕೋರ್ಟಿನ ಜವಾನನ, ಅಂದರೆ ಪಟ್ಟೇವಾಲನ, ಎದೆಪಟ್ಟಿಯ ಮೇಲಿನ ಹಿತ್ತಾಳೆ ಬಿಲ್ಲೆ ಎಲ್ಲರೂ ಕಂಡದ್ದು. ಅದಕ್ಕೆ ಇದೂ ಬಿಲ್ಲೆಯೇ ಆಯಿತು. ಸಂಸ್ಥಾನದ ಕಾಲದಲ್ಲಿ ದೊಡ್ಡ ಮನೆತನದ ಹೆಂಗಸರು ಇವನ್ನು ಸೆರಗಿಗೆ ಹಚ್ಚಿಕೊಳ್ಳುತ್ತಿದ್ದರಂತೆ. ಆ ಅಜ್ಜಿಯರು ಹೋದ ಮೇಲೆ ಮೊಮ್ಮಕ್ಕಳು ಅವನ್ನು ಕರಗಿಸಲು ಅಕ್ಕಸಾಲಿಗ ಪತ್ತಾರರ ಅಂಗಡಿಗೆ ಒಯ್ಯುತ್ತಿದ್ದರು. ಪತ್ತಾರರಿಗೆ ಕಾಕುವಿನ ಹುಚ್ಚು ಗೊತ್ತು. ಮೂಸೆಗೆ ಹಾಕದೆ ಎತ್ತಿಟ್ಟು ಹೇಳಿಕಳಿಸುವರು. ಕಾಕು ತಮ್ಮ ಕಡೆಯ ಯಾವುದೋ ಹಳೆ ಬೆಳ್ಳಿ ಬಟ್ಟಲನ್ನೋ ದೀಪವನ್ನೋ ತೂಕಕ್ಕೆ ತೂಕ ಕೊಟ್ಟು ಅದನ್ನು ಮನೆಗೆ ತರುವರು.

"ಜಾಮೀನ ಕೊಟ್ಟು ಬಿಡಿಸಿಕೊಂಡು ಬಂದೆ," ಎನ್ನುವುದು ಅವರ ಮಾತು.

ಹೀಗೆ ಬಿಡುಗಡೆಯಾದವು ಒಂದೊಂದೂ ಒಂದೊಂದು ನಮೂನೆ. ಬೀಳಗಿಯ ಕಡೆ ಯಾರದೋ ಮನೆಯಲ್ಲಿ ತೊಟ್ಟಿಲ ಬಟ್ಟೆ ಬಿಗಿಯಲು ಬಳಸುತ್ತಿದ್ದ ಎಲೆಯಾಕಾರದ್ದು. ಒಂದು ಕಣ್ಣು ಕಳೆದುಕೊಂಡ ನವಿಲು. ಅದಕ್ಕೆ ಕಾಕು ತಮ್ಮ ಹಳೆ ಸರದ ಕೆಂಪು ಮಣಿಯನ್ನು ಕೂರಿಸಿದ್ದರು. ಮುಧೋಳದಿಂದ ಬಂದ ಬೆಳ್ಳಿಯ ಬೇಟೆನಾಯಿ, ಬಾಲ ಮುರಿದದ್ದು. ವಕೀಲರು ತಕರಾರು ಮಾಡುವ ಲಕ್ಷಣ ಕಂಡ ದಿನ ಕೋರ್ಟಿಗೆ ಆ ನಾಯಿಯನ್ನೇ ಹಚ್ಚಿಕೊಂಡು ಹೋಗುತ್ತಿದ್ದರಂತೆ. "ಇವತ್ತ ನಾಯಿ ಕರ್ಕೊಂಡ ಬಂದೀನ್ರಿ, ಸಂಭಾಳ್ಸಿ ಮಾತಾಡ್ರಿ," ಎಂದರೆ ವಕೀಲರೂ ನಕ್ಕು ಸುಮ್ಮನಾಗುತ್ತಿದ್ದರಂತೆ.

ಕೂಡಿಟ್ಟು ನೋಡುವ ಶೋಕಿ ಅವರದಲ್ಲ. ಪ್ರತಿಯೊಂದಕ್ಕೂ ಪಾಳಿ ಇತ್ತು. ಪಾಳಿ ತಪ್ಪಿಸಿದರೆ ಅದು ಮುನಿಸಿಕೊಳ್ಳುತ್ತದೆ ಎಂದು ನನಗೆ ಹೇಳುತ್ತಿದ್ದರು, ತಮಗೂ ಹಾಗೆ ಅನ್ನಿಸುತ್ತಿತ್ತೇನೋ. ಹಳೆಯದು ಹೊಸದು ಗುರುತಿಸುವುದನ್ನು ಕಲಿಸಿದವರೂ ಅವರೇ. ಈಚಿನವಕ್ಕೆ ಸೂಜಿ ಜಾರದಂತೆ ಹಿಂದೆ ಒಂದು ಮುಚ್ಚಳವಿರುತ್ತದೆ. ಹಳೆಯವಕ್ಕೆ ಬರೀ ಒಂದು ಕೊಂಡಿ, ಸೂಜಿ ಅಂಚು ದಾಟಿ ಇಣುಕುತ್ತದೆ. "ಮುಂದಿಂದು ಚಂದ ಯಾರರೆ ಮಾಡ್ತಾರ, ಕೂಸ. ಹಿಂದ ತಿರುವಿ ನೋಡು, ಕಸುಬು ಅಲ್ಲಿರತದ," ಎನ್ನುತ್ತಿದ್ದರು. ಮನುಷ್ಯರ ವಿಷಯದಲ್ಲೂ ಅವರು ಹಾಗೆಯೇ ತಿರುವಿ ನೋಡುತ್ತಿದ್ದರು, ಅದು ಎಲ್ಲರಿಗೂ ಹಿಡಿಸುತ್ತಿರಲಿಲ್ಲ.

ಈ ಹುಚ್ಚು ಹತ್ತಿದ ಕತೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು, ನಗುವಂಥ ಕತೆಯೇನಲ್ಲ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದುದರಿಂದ ಅನುಕಂಪದ ಮೇಲೆ ಕಾಕುವಿಗೆ ನೌಕರಿ ಸಿಕ್ಕಿತು. ತಾಳಿ, ಬಳೆ, ಕಾಲುಂಗುರ, ಕುಂಕುಮ ಎಲ್ಲ ಹೋಗಿ ಬೋಳು ಹಣೆಯಲ್ಲಿ ಟೈಪು ಮಿಶಿನ್ನಿನ ಮುಂದೆ ಕುಳಿತರು. ಟೈಪು ಮಾಡಲು ಎರಡು ಕೈ ಬೇಕು. ಜಾರುವ ಸೆರಗಿಗೆ ಮೂರನೆಯ ಕೈ ಎಲ್ಲಿಂದ ತರುವುದು? ಅತ್ತೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಬ್ರೋಚೊಂದನ್ನು ಕೇಳಿ ತೆಗೆದುಕೊಂಡು ಸಿಕ್ಕಿಸಿಕೊಂಡರು. ಬಳಗದವರು ಬಾಯಿ ಬಾಯಿ ಬಡಿದುಕೊಂಡರು. ಅತ್ತೆಯೋ ಮಡಿವಂತಿಕೆಯಲ್ಲಿ ಎತ್ತಿದ ಕೈ. ಅವರು ಭಟ್ಟರನ್ನು ಕರೆಸಿ, ಗಂಡ ಸತ್ತವಳು ಬಿಡಬೇಕಾದ್ದನ್ನೆಲ್ಲ ಒಂದೊಂದಾಗಿ ಹೇಳಿರಿ ಎಂದು ಕೇಳಿದರು. ಭಟ್ಟರು ಹೇಳುತ್ತಾ ಹೋದರು, ಅತ್ತೆ ಕೇಳುತ್ತಾ ಹೋದರು. ಬ್ರೋಚಿನ ಮಾತು ಎಲ್ಲಿಯೂ ಬರಲಿಲ್ಲ.

"ಹೆಸರ ಇಲ್ಲಂದ ಮ್ಯಾಲ ಅಡ್ಡೀನೂ ಇಲ್ಲ," ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟರು.

"ಕೋರ್ಟಿನ್ಯಾಗ ಅಂಥಾ ತೀರ್ಪು ನಾ ಒಂದೂ ಟೈಪು ಮಾಡಲಿಲ್ಲ ನೋಡು," ಎಂದು ಕಾಕು ನಗುವರು. ಆಮೇಲೆ ಹೆಗಲ ಬಿಲ್ಲೆಯನ್ನು ನೇರ ಮಾಡಿಕೊಳ್ಳುತ್ತಾ ಹೇಳುವರು: "ತಾಳಿ ಅವರು ಕಟ್ಟಿದ್ರು, ಹೋಗೂಮುಂದ ತಗೊಂಡ ಹೋದ್ರು. ಇದು ಹಂಗಲ್ಲ. ನನಗ ನಾನ ಹಚ್ಚಿಕೊಂಡದ್ದು."

ನಾನು ಕಾಲೇಜಿಗೆ ಸೇರಿದ ವರ್ಷ ನಮ್ಮ ಅಪ್ಪ ಹೋದ. ಬಸ್ಸಿನ ಡ್ರೈವರ್. ಮುಧೋಳದ ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತವನು ಮತ್ತೆ ಏಳಲಿಲ್ಲ. ಅವ್ವನ ಬಳೆ ಒಡೆದವರು ಹೊರಗಿನವರಲ್ಲ, ಹಬ್ಬಕ್ಕೆ ಅವಳ ಕೈಯ ಹೋಳಿಗೆ ತಿಂದವರೇ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವ್ವ ಜಂಪರ, ಅಂದರೆ ಸೀರೆಯ ರವಿಕೆ, ಹೊಲಿಯುತ್ತಿದ್ದಳು. ಮದುವೆಯ ಜಂಪರ ಎಂದರೆ ಅವಳೇ ಆಗಬೇಕೆಂದು ಬೀಳಗಿಯಿಂದಲೂ ಬರುತ್ತಿದ್ದರು. ಅಪ್ಪ ಹೋದ ಮೇಲೆ ಆ ಬಟ್ಟೆ ಬರುವುದು ನಿಂತಿತು. ಬಂದ ಒಂದೆರಡನ್ನೂ ಅವಳೇ ಮುಟ್ಟಲಿಲ್ಲ. "ನನ್ನ ಕೈ ಹತ್ತಬಾರದವ್ವಾ ಮದುವಿ ಬಟ್ಟಿಗೆ," ಎಂದು ತಿರುಗಿ ಕಳಿಸಿದಳು. ಮಿಶಿನ್ನು ಪಡಸಾಲೆಯಿಂದ ಒಳಮನೆಗೆ ಹೋಯಿತು. ಗಿರಾಕಿಗಳೊಂದಿಗೆ ಮಾತು ನನ್ನದು, ಸಂತೆ ನನ್ನದು. ಅವ್ವ ಹೊಸ್ತಿಲಾಚೆ ಕಾಲಿಡುವುದನ್ನೇ ಬಿಟ್ಟಳು.

ಒಂದು ದಿನ ಕಾಕು ದುಂಡನೆಯ ಬೆಳ್ಳಿ ಬಿಲ್ಲೆಯೊಂದನ್ನು ತಂದು ಅವ್ವನ ಮುಂದೆ ಹಿಡಿದರು.

"ಬ್ಯಾಡ್ರಿ ಕಾಕು," ಅವ್ವ ಹಿಂದೆ ಸರಿದಳು. "ನಿಮ್ಮದು ಬ್ಯಾರೆ, ನಮ್ಮದು ಬ್ಯಾರೆ. ಮಂದಿ ಏನಂದಾರು?"

"ಆತು. ಬ್ಯಾಡಂದ್ರ ಬ್ಯಾಡ," ಎಂದು ಕಾಕು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಕೋರ್ಟಿನಲ್ಲಿ ಅಷ್ಟು ವರ್ಷ ಇದ್ದೂ ಇಷ್ಟೇನೇ ವಾದ ಎಂದು ನನಗೆ ಸಿಟ್ಟೇ ಬಂತು. ಕಾಕು ತಾರೀಖು ಮುಂದೆ ಹಾಕಿದ್ದರಷ್ಟೆ, ಕೇಸು ಬಿಟ್ಟಿರಲಿಲ್ಲ.

ಮುಂದೆ ಸ್ವಲ್ಪ ದಿನಕ್ಕೆ ಅವರು ಬಂದಾಗ ಕೈಯಲ್ಲೊಂದು ಇಳಕಲ್ ಸೀರೆ ಇತ್ತು. ಬೆಳ್ಳಿ ಬೇಟೆನಾಯಿಯ ಭಾರಕ್ಕೆ ಹೆಗಲ ಹತ್ತಿರ ಗೇಣುದ್ದ ಹರಿದಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದವಳೇ ಗದರಿದಳು: "ಏನ್ರಿ ಕಾಕು ಇದು? ಸೀರಿ ಉಡತೀರೋ, ಅದರ ಮ್ಯಾಲೆ ಸೇಡು ತೀರಿಸಿಕೊಳ್ಳಾಕತ್ತೀರೋ?" ಅಪ್ಪ ಹೋದ ಮೇಲೆ ಅವ್ವನ ದನಿ ಅಷ್ಟು ಏರಿದ್ದು ಅದೇ ಮೊದಲು. ಕೆಟ್ಟ ಹೊಲಿಗೆ, ಹರಿದ ರೇಷ್ಮೆ ಕಂಡರೆ ಅವಳಿಗೆ ದುಃಖವೂ ಮರೆತುಹೋಗುತ್ತಿತ್ತು.

ಹರಿದದ್ದನ್ನು ಕೂಡಿಸಿ, ಒಳಬದಿಗೆ ನೂಲಿನ ಬಟ್ಟೆಯ ತುಂಡೊಂದನ್ನು ಮಡಿಚಿ ಅಸ್ತರ ಕೊಟ್ಟಳು. ಚುಚ್ಚಿದರೆ ಭಾರವೆಲ್ಲ ಆ ತುಂಡಿನ ಮೇಲೆ ಬೀಳಬೇಕು, ರೇಷ್ಮೆಗೆ ನೋವಾಗಬಾರದು. ಹಚ್ಚಿಕೊಂಡು ನೋಡಿರಿ ಎಂದು ಕೊಟ್ಟರೆ ಕಾಕು ತಲೆಯಾಡಿಸಿದರು.

"ನಾ ಕಟ್ಟಿ ಮ್ಯಾಲ ಸುಮ್ಮನ ಕೂಡಾಕಿ, ನನಗೇನ ತಿಳೀತದ? ದುಡಿಯೂಮುಂದ ಎಳೀತದೋ ಇಲ್ಲೋ ನೋಡಬೇಕು. ನಿನ್ನ ಸೀರಿಗೂ ಇಂಥಾದ್ದೊಂದು ತುಂಡು ಹಾಕ್ಕೊಂಡು, ನಾಯಿ ಹಚ್ಚಿಕೊಂಡು, ಮಿಶಿನ್ ತುಳಿದು ನೋಡು ತಂಗಿ."

ಕೆಲಸದ ಮಾತಾದ್ದರಿಂದ ಅವ್ವ ಇಲ್ಲವೆನ್ನಲಿಲ್ಲ. ಹಚ್ಚಿಕೊಂಡು ಹೊಲಿಯಲು ಕುಳಿತವಳಿಗೆ ಹೆಗಲ ಮೇಲೊಂದು ನಾಯಿ ಇದೆ ಎನ್ನುವುದೇ ಮರೆತುಹೋಯಿತು. ಸಂಜೆ ದಾರ ತೀರಿತು. ನಾನಿನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಹೊಲಿಗೆಯ ಗುಂಗಿನಲ್ಲೇ ಎದ್ದು ಮೂಲೆಯಂಗಡಿಗೆ ಹೋಗಿ ದಾರ ತಂದಳು. ನಾನು ಓಣಿ ತಿರುಗುವ ಹೊತ್ತಿಗೆ ಅವಳು ನಮ್ಮ ಬಾಗಿಲ ಹತ್ತಿರ ಬಂದಿದ್ದಳು, ಎದುರುಮನೆಯ ಅಜ್ಜಿ ಅವಳನ್ನು ತಡೆದಿದ್ದಳು.

"ಏನವಾ, ಇನ್ನೂ ವರ್ಷ ತುಂಬಿಲ್ಲ, ಆಗಲೇ ಸಿಂಗಾರ ನಡೆದೈತಿ?"

ಅವ್ವನ ಕೈ ಹೆಗಲಿಗೆ ಹೋಯಿತು. ತೆಗೆಯಲು ಹೋದರೆ ಅವಳದೇ ಗಟ್ಟಿ ಅಸ್ತರ ಸೂಜಿಯನ್ನು ಬಿಡಲೊಲ್ಲದು. ಕಟ್ಟೆಯ ಮೇಲಿದ್ದ ಕಾಕು ಕುಳಿತಲ್ಲಿಂದಲೇ ಕೇಳಿದರು: "ಅಜ್ಜಿ, ನಿಮ್ಮ ಮದುವ್ಯಾಗ ಇದನ್ನ ಯಾವ ಮಂತ್ರ ಹೇಳಿ ಹಚ್ಚಿದ್ರು?"

"ನಮಗ್ಯಾರು ಹಚ್ಚತಾರವಾ ಇಂಥಾದ್ದು?"

"ಹಂಗಾರ ಯಾವ ಮಂತ್ರ ಹೇಳಿ ಬಿಚ್ಚಸ್ತೀರಿ?"

ಅಜ್ಜಿ ಕೆಟ್ಟವಳಲ್ಲ, ನ್ಯಾಯದ ಮಾತಿಗೆ ಸೋಲುವವಳು. "ಅದೂ ಖರೆ ಬಿಡು," ಎಂದಳು. ಆಮೇಲೆ ಅವ್ವನ ಹೆಗಲಿಗೆ ಕಣ್ಣು ಹತ್ತಿರ ತಂದು, "ಏನದು, ಕುದರಿ?" ಎಂದಳು.

"ನಾಯಿರಿ," ಎಂದಳು ಅವ್ವ.

"ನಾಯಿ! ಅಯ್ಯ ನಮ್ಮವ್ವ, ಹಚ್ಚಿಕೊಳ್ಳೂದ ಹಚ್ಚಿಕೊಂಡಿ, ಒಂದು ಗಿಣಿನೋ ನವಿಲೋ ಸಿಗಲಿಲ್ಲೇನ?"

ಅವ್ವ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದೆ ನಕ್ಕಳು, ನಕ್ಕು ನಕ್ಕು ಅತ್ತಳು. ಕಾಕು ತೊಡೆಯ ಮೇಲೆ ಟಕಟಕ ಬೆರಳಾಡಿಸುತ್ತಾ ಬೇರೆಲ್ಲೋ ನೋಡುತ್ತಿದ್ದರು.

ಅಂದಿನಿಂದ ಅವ್ವ ಹೊಸ್ತಿಲು ದಾಟತೊಡಗಿದಳು. ಮಿಶಿನ್ನು ಪಡಸಾಲೆಗೆ ಮರಳಿತು. ಕಾಕುವಿನ ದುಂಡನೆಯ ಬೆಳ್ಳಿ ಬಿಲ್ಲೆ ಅವಳದಾಯಿತು. ಸೀರೆಗೆ ಅಸ್ತರ ಹಾಕಿಸಿಕೊಳ್ಳಲು ಬೇರೆ ಓಣಿಯ ಟೀಚರಮ್ಮಂದಿರೂ ಬರತೊಡಗಿದರು. ಆದರೆ ಮದುವೆಯ ಜಂಪರದ ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ವರ್ಷಗಳು ಕಳೆದವು, ನಾನು ಓದಿ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದೆ, ಆಗಲೂ ಜಗ್ಗಲಿಲ್ಲ.

ಕಾಕುವಿನ ಕಾಲು ಸೋತಿತು. ಆಗ ಅವರು ಬಿಲ್ಲೆಗಳನ್ನು ಹಂಚತೊಡಗಿದರು. ಮೊದಲ ಸಲ ನೌಕರಿಗೆ ಹೊರಟ ಹುಡುಗಿಗೆ, ಗಂಡನ ಮನೆಯಿಂದ ತಿರುಗಿ ಬಂದವಳಿಗೆ, ಪತ್ತಾರರ ಸೊಸೆಗೆ. ಡಬ್ಬಿಯಲ್ಲಿಟ್ಟು ಕೊಡುವುದಿಲ್ಲ, ಹತ್ತಿರ ಕರೆದು ತಾವೇ ಸೆರಗಿಗೆ ಚುಚ್ಚಿ, ಬೆನ್ನು ತಟ್ಟಿ ಕಳಿಸುವುದು. ಒಂದೇ ಒಂದನ್ನು ಹಾಗೆ ಮಾಡಲಿಲ್ಲ. ಸಣ್ಣ ಮುತ್ತು ಕೂರಿಸಿದ ಅರ್ಧಚಂದ್ರವೊಂದಿತ್ತು, ಅವರ ಅತ್ತೆಯ ಪೆಟ್ಟಿಗೆಯದು, ಕೋರ್ಟಿಗೆ ಮೊದಲು ಹಚ್ಚಿಕೊಂಡು ಹೋದದ್ದು. ಅದನ್ನು ಅವ್ವನ ಅಂಗೈಯಲ್ಲಿಟ್ಟರು.

"ನಿನ್ನ ಮಗಳ ಮದುವಿಗೆ. ಜಂಪರ ನೀನ ಹೊಲೀಬೇಕು, ಇದನ್ನ ನಿನ್ನ ಕೈಯಾರ ಹಚ್ಚಬೇಕು. ಹೂಂ ಅನ್ನು."

ಅವ್ವ ಹೂಂ ಅನ್ನಲಿಲ್ಲ. ಅವರ ಕೈ ಹಿಡಿದುಕೊಂಡು ಕುಳಿತಳು. ಆ ಶ್ರಾವಣದಲ್ಲಿ ಕಾಕು ನಿದ್ದೆಯಲ್ಲೇ ಹೋದರು, ಆ ಹೂಂ ಕೇಳದೆಯೇ ಹೋದರು.

ದೀಪಾವಳಿಯಾದ ಮೇಲೆ ರಬಕವಿಯ ಮಗ್ಗದ ಮನೆಯೊಂದಕ್ಕೆ ನನ್ನನ್ನು ಕೊಡುವುದೆಂದು ಗೊತ್ತು ಮಾಡಿದರು. ಜಂಪರ ಯಾರು ಹೊಲಿಯಬೇಕೆಂದು ನಾನು ಅವ್ವನನ್ನು ಕೇಳಲಿಲ್ಲ, ಕೇಳಿದರೆ ಬೇಡ ಎಂದಾಳೆಂಬ ಭಯ. ಒಂದು ಮುಂಜಾನೆ ಏಳುವಾಗ ಕತ್ತರಿಯ ಸದ್ದು ಕೇಳಿಸಿತು. ನನ್ನ ಧಾರೆಸೀರೆಯ ಜಂಪರದ ರೇಷ್ಮೆಯನ್ನು ಅವ್ವ ಪಡಸಾಲೆಯ ನೆಲದ ಮೇಲೆ ಹರವಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕತ್ತರಿಸುತ್ತಿದ್ದಳು. ನಾನು ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಮಲಗಿದೆ, ಎದ್ದರೆ ಎಲ್ಲಿ ನಿಲ್ಲಿಸುತ್ತಾಳೋ ಎಂದು.

ಮದುವೆ ರಬಕವಿಯ ಪಕ್ಕದ ಬನಹಟ್ಟಿಯಲ್ಲಿ. ಮುತ್ತೈದೆಯರು ನನ್ನನ್ನು ಸುತ್ತುವರಿದು ಸಿಂಗರಿಸುತ್ತಿದ್ದರು, ಅವ್ವ ಅಡುಗೆಯ ಕಡೆ ಏನೋ ನೆಪ ಹುಡುಕಿಕೊಂಡು ನಿಂತಿದ್ದಳು. ಜರಿಯ ಸೆರಗು ಭಾರ, ಹೆಗಲ ಮೇಲೆ ನಿಲ್ಲಲೊಲ್ಲದು. ಯಾರೋ ಪಿನ್ನು ಹುಡುಕತೊಡಗಿದರು. ನಾನು, "ಅವ್ವಾ," ಎಂದು ಕೂಗಿದೆ.

ಅವಳು ಬಂದಳು. ಗಂಡಿನ ಕಡೆಯ ಹಿರಿಯ ಮುತ್ತೈದೆಯೊಬ್ಬರು ನಯವಾಗಿಯೇ ಹೇಳಿದರು: "ಬೀಗತಿ, ನೀವು ಸ್ವಲ್ಪ ಹಿಂದ ಇರ್ರಿ. ನಾವ ಮಾಡತೇವಿ."

ಇನ್ನು ಅವಳ ಪರ ಮಾತಾಡಲು ಕಟ್ಟೆಯ ಮೇಲೆ ಯಾರೂ ಕುಳಿತಿರಲಿಲ್ಲ.

"ಆತ್ರಿ," ಎಂದಳು ಅವ್ವ. "ಬಳಿ ನೀವ ಇಡ್ರಿ, ಕುಂಕುಮ ನೀವ ಹಚ್ರಿ. ಆದ್ರ ಈ ಜಂಪರ ನಾ ಹೊಲಿದೇನಿ. ಅದರ ಮ್ಯಾಲ ಸೆರಗು ಕುಂದರಸೂದೂ ನನ್ನ ಕೆಲಸಾನ."

ಅರ್ಧಚಂದ್ರವನ್ನು ತೆಗೆದು ನನ್ನ ಹೆಗಲಿಗೆ ಹಚ್ಚಿದಳು. ಪಿನ್ನು ಹುಡುಕುತ್ತಿದ್ದವರು ಬಳೆಗಳತ್ತ ತಿರುಗಿದರು.

ಮೂಲೆಯ ಕುರ್ಚಿಯಲ್ಲಿ ನನ್ನ ಗಂಡನ ಸೋದರತ್ತೆ ಕುಳಿತಿದ್ದರು, ಬೋಳು ಹಣೆ, ತಲೆ ತುಂಬ ಸೆರಗು. ಅವರು ಎದ್ದು ಬಂದು ಅವ್ವನ ಹೆಗಲ ಮೇಲಿನ ದುಂಡು ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದರು.

"ಇದು ನಮ್ಮಂಥವರು ಹಚ್ಚಿಕೊಂಡ್ರೂ ನಡೀತೈತೇನ್ರಿ?"

ಅವ್ವ ಅದನ್ನು ಬಿಚ್ಚಿ ಅವರ ಸೆರಗಿಗೆ ಚುಚ್ಚಿದಳು, ಬೆನ್ನು ತಟ್ಟಿದಳು.

ಅಕ್ಷತೆಯ ಅಕ್ಕಿಕಾಳು ಬೀಳುವಾಗ ತಲೆ ಎತ್ತಬಾರದು ಎಂದು ಹೇಳಿಕೊಟ್ಟಿದ್ದರು. ನಾನು ಎತ್ತಿದೆ. ಮುತ್ತೈದೆಯರ ನಡುವೆ ಮುಂದಿನ ಸಾಲಿನಲ್ಲಿ ಅವ್ವ, ಅವಳ ಪಕ್ಕದಲ್ಲಿ ಆ ಅತ್ತೆ, ಇಬ್ಬರೂ ಮುಷ್ಟಿ ತುಂಬ ಅಕ್ಕಿಕಾಳು ಹಿಡಿದುಕೊಂಡು ನಿಂತಿದ್ದರು.