ನೂರ ಹದಿನಾಲ್ಕನೇ ರಕ್ತ

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಕೆಲಸಗಾರರ ರಕ್ತ ತೆಗೆಯುವುದು ಅವಳ ಕೆಲಸ. ಕುಲುಮೆಯ ಮುಂದೆ ನಿಂತು ನಿಗಿನಿಗಿ ಗಾಜನ್ನು ಊದುವ ಗಂಡಸರು ಅವಳ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. "ಬೆಂಕಿ ಜೊತೆ ಆಡೋರು ಇಷ್ಟಕ್ಕೆ ಬೆವರ್ತೀರಲ್ರಪ್ಪ!" ಎಂದು ನಗಿಸಿ, ಅವರು ನಗುತ್ತಿರುವಾಗಲೇ ಕೆಲಸ ಮುಗಿಸಿಬಿಡುತ್ತಿದ್ದಳು.

ಯಾರ ಹೃದಯ ಕೈಕೊಡುತ್ತದೆ, ಯಾಕೆ ಎಂದು ತಿಳಿಯಲು ಒಬ್ಬ ಡಾಕ್ಟರಮ್ಮ ನಡೆಸುತ್ತಿದ್ದ ಅಧ್ಯಯನ ಅದು. ಮುನ್ನೂರು ಜನ, ಹನ್ನೆರಡು ವರ್ಷ, ಎರಡು ವರ್ಷಕ್ಕೊಮ್ಮೆ ರಕ್ತ. ಕೊಬ್ಬು, ಸಕ್ಕರೆಯ ಫಲಿತಾಂಶ ವಾರದೊಳಗೆ ಅವರವರ ಕೈಸೇರುತ್ತಿತ್ತು. ಮುಂದಿನ ಪರೀಕ್ಷೆಗಳಿಗೆಂದು ಒಂದಿಷ್ಟು ರಕ್ತ ಫ್ರೀಜರಿನಲ್ಲಿ ಉಳಿಯುತ್ತಿತ್ತು. ಸೀಸೆಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ನೂರ ಹದಿನಾಲ್ಕು ಎಂದರೆ ಅವಳ ಸ್ವಂತ ಅಣ್ಣ.

ಅಣ್ಣ ತೆಳ್ಳಗಿನ ಮನುಷ್ಯ. ಸಿಗರೇಟು ಮುಟ್ಟಿದವನಲ್ಲ. ಪ್ರತಿ ಸಲ ಫಲಿತಾಂಶ ಬಂದಾಗ ಕಾಗದ ಅಲ್ಲಾಡಿಸುತ್ತ, "ನೋಡೇ, ನಿಮ್ಮಣ್ಣ ಕಲ್ಲುಗುಂಡು" ಎನ್ನುತ್ತಿದ್ದ. ಒಸಡು ಮಾತ್ರ ವರ್ಷಗಟ್ಟಲೆ ಬಾತು ರಕ್ತ ಒಸರುತ್ತಿತ್ತು. ತೋರಿಸಿಕೋ ಎಂದರೆ, "ಮೂವತ್ತೆರಡೂ ಗಟ್ಟಿಯಾಗಿದಾವೆ, ಸುಮ್ನಿರು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹನ್ನೊಂದನೇ ವರ್ಷದ ಒಂದು ಬೆಳಿಗ್ಗೆ ಅವನು ಊದುಗೊಳವೆಯನ್ನು ಕೆಳಗಿಟ್ಟು ಬೆಂಚಿನ ಮೇಲೆ ಕೂತ. "ಯಾಕೋ ಎದೆ ಹಿಡ್ಕೊಂಡ ಹಾಗಾಗ್ತಿದೆ" ಎಂದನಂತೆ. ಕೂಗು ಕೇಳಿ ತಂಗಿ ಓಡಿಬರುವಷ್ಟರಲ್ಲಿ ನೆಲಕ್ಕೆ ಒರಗಿದ್ದ. ಆಂಬುಲೆನ್ಸ್ ಬರುವವರೆಗೂ ಅವಳು ಅವನ ಎದೆಯನ್ನು ಒತ್ತುತ್ತಲೇ ಇದ್ದಳು. ಅಣ್ಣ ಉಳಿಯಲಿಲ್ಲ. ಐವತ್ತೊಂದು ವರ್ಷ.

ಮರುವರ್ಷ ಫ್ರೀಜರಿನ ರಕ್ತವನ್ನೆಲ್ಲ ಹೊಸದೊಂದು ಪರೀಕ್ಷೆಗೆ ಕಳಿಸಿದರು. ದೇಹದಲ್ಲಿ ಎಲ್ಲೋ, ಬಾತ ಒಸಡಿನಲ್ಲೇ ಆಗಲಿ, ಉರಿಯೂತ ಒಳಗೊಳಗೇ ಹೊಗೆಯಾಡುತ್ತಿದ್ದರೆ ರಕ್ತದಲ್ಲಿ ಏರುವ ಒಂದು ಅಂಶವನ್ನು ಅಳೆಯುವ ಪರೀಕ್ಷೆ. ಒಂದಕ್ಕಿಂತ ಕಡಿಮೆ ಇದ್ದರೆ ವಾಸಿ, ಮೂರು ದಾಟಿದರೆ ಹೃದಯದ ಕಡೆ ಗಮನ ಕೊಡಬೇಕು. ನೆಗಡಿ ಬಂದರೂ ಏರುವಂಥದ್ದು, ಹಾಗಾಗಿ ಒಂದು ಸಲದ ಅಂಕಿಯನ್ನು ನಂಬುವಂತಿಲ್ಲ. ವರ್ಷಗಟ್ಟಲೆ ಇಳಿಯದೆ ಇದ್ದರೆ ಮಾತ್ರ ಯೋಚನೆ.

ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಸೂಜಿ ಅಕ್ಕನ ಬೆರಳು ನೂರ ಹದಿನಾಲ್ಕಕ್ಕೆ ಬಂದು ನಿಂತಿತು. ಆರು ಸಲದ ರಕ್ತ. ಆರೂ ಸಲ ನಾಲ್ಕರ ಮೇಲೆ.

"ಯಾರದು?" ಎಂದರು ಡಾಕ್ಟರಮ್ಮ.

"ನಮ್ಮಣ್ಣಂದು. ಆರು ಸಲಾನೂ ನಾನೇ ತೆಗ್ದಿದ್ದು ಮೇಡಂ."

ಡಾಕ್ಟರಮ್ಮ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ಇದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ. ಇಷ್ಟೇ ಇರೋರು ಎಷ್ಟೋ ಜನ ಚೆನ್ನಾಗಿದಾರೆ."

"ಸರಿ ಮೇಡಂ. ಆದ್ರೆ ಆ ಚೆನ್ನಾಗಿರೋರಿಗೆ ನಾವೊಂದು ಮಾತು ಹೇಳಬಾರ್ದಾ?"

ಈ ಹೊಸ ಪರೀಕ್ಷೆಯ ಅಂಕಿಯನ್ನು ಅಧ್ಯಯನ ಮುಗಿಯುವವರೆಗೆ ಹೇಳುವಂತಿಲ್ಲ ಎಂಬುದು ನಿಯಮ. ಡಾಕ್ಟರಮ್ಮ ಒಪ್ಪಿಗೆ ಕೇಳಿ ಮೇಲಿನವರಿಗೆ ಪತ್ರ ಬರೆದರು.

ಆ ಸಂಜೆ ಅವಳು ಅತ್ತಿಗೆಯ ಮನೆಗೆ ಹೋಗಿ ಎಲ್ಲ ಹೇಳಿದಳು. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಮೊದ್ಲೇ ಗೊತ್ತಾಗಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ ಅತ್ತಿಗೆ. ನಿನ್ನತ್ರ ಸುಳ್ಳು ಹೇಳಲ್ಲ."

ಅತ್ತಿಗೆ ಮಡಿಲಲ್ಲಿದ್ದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ, "ಬೇರೆಯವರ ಮನೆಗಾದ್ರೂ ಹೋಗು. ಬಾಗಿಲು ಹಾಕಿದ್ರೂ ಹೋಗು" ಎಂದಳು.

ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ಅಂಕಿ ಇಳಿಯದವರು ಮೂವತ್ತೇಳು ಜನ. ಒಬ್ಬೊಬ್ಬರ ಮನೆಗೂ ಅವಳೇ ಹೋದಳು. ಕೆಲವರು ಹೆದರಿದರು, ಕೆಲವರು ನಕ್ಕರು. ಅಣ್ಣನ ಗೆಳೆಯ ಕುಲುಮೆ ಮೇಸ್ತ್ರಿಯಂತೂ ಸಿಗರೇಟಿನ ಹೊಗೆ ಬಿಡುತ್ತಲೇ ರೇಗಿದ. "ಸೇದದೋನು ಹೋದ, ಸೇದೋನು ಇದೀನಿ. ನಿನ್ನ ಮಾತು ಹೇಗಮ್ಮ ನಂಬ್ಲಿ?"

ಅವಳು ವಾಪಸು ಬಂದಳು. ಮರುವಾರ ಮತ್ತೆ ಹೋದಳು. ಮೂರನೇ ಸಲ ಹೋದಾಗ ಅವನು ಬಾಗಿಲಲ್ಲೇ ನಿಂತು ಅವಳ ಮುಖವನ್ನೇ ನೋಡಿದ. "ಅವನ ಎದೆ ಒತ್ತುತಿದ್ಯಲ್ಲ, ಕೈ ತೆಗೀದೇನೆ... ಅದು ಇನ್ನೂ ಕಣ್ಮುಂದೆ ಇದೆ ಕಣಮ್ಮ. ಯಾವತ್ತು ಬರ್ಲಿ, ಹೇಳು."

ಪರೀಕ್ಷಿಸಿದಾಗ ಅವನ ಹೃದಯದ ಎರಡು ರಕ್ತನಾಳಗಳು ಕಟ್ಟಿಕೊಳ್ಳುತ್ತ ಬಂದಿದ್ದವು. ಚಿಕಿತ್ಸೆಯಾಯಿತು, ಗೊಣಗಿಕೊಂಡೇ ಸಿಗರೇಟು ಬಿಟ್ಟ. ಮೂವತ್ತೇಳರಲ್ಲಿ ಇಬ್ಬರು, ಮಾತ್ರೆ ತಪ್ಪದೆ ನುಂಗಿಯೂ ತೀರಿಕೊಂಡರು. ಆ ಎರಡು ಮನೆಗಳಿಗೂ ಸೂಜಿ ಅಕ್ಕ ಹೋಗಿ ಹೆಂಗಸರ ಪಕ್ಕದಲ್ಲಿ ಕೂತು ಬಂದಳು. ಮೇಸ್ತ್ರಿ ನಿವೃತ್ತಿಯವರೆಗೂ ಕುಲುಮೆಯ ಮುಂದೆ ನಿಂತ. ಅಧ್ಯಯನ ಮುಗಿದರೂ ಸೂಜಿ ಅಕ್ಕನ ರಕ್ತಪರೀಕ್ಷೆ ನಿಲ್ಲಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದರೆ ಅವರ ತೋಳು ಹಿಡಿದು ಗೇಟಿನ ಪಕ್ಕದ ಕೋಣೆಗೆ ಅವನೇ ಕರೆತರುತ್ತಿದ್ದ.