ಕಂಪ್ಯೂಟರಿಗೆ ಹಾಕಿದ ಮಾಲೆ

ತೊರವಿಯಿಂದ ಬಂದು ನಮ್ಮ ಅಂಗಡಿ ಸೇರಿದ ಆ ಹುಡುಗಿಯನ್ನು ಕಂಡರೆ ಮೊದಲ ವಾರದಿಂದಲೇ ನನಗೆ ಹೊಟ್ಟೆ ಉರಿಯತೊಡಗಿತು. ಇಬ್ಬರೂ ಕಲಿತದ್ದು ಒಂದೇ, ಮಾಡುವುದೂ ಒಂದೇ: ಕಂಪ್ಯೂಟರ್ ಜೋಡಿಸುವುದು, ಗಿರಾಕಿಗೆ ಕೊಡುವ ಮೊದಲು ಮಧ್ಯಾಹ್ನವಿಡೀ ಪೂರ್ತಿ ಲೋಡ್‌ನಲ್ಲಿ ಓಡಿಸಿ ಬಿಸಿ ತಡೆಯುತ್ತದೆಯೋ ಇಲ್ಲವೋ ನೋಡುವುದು. ವಿಜಯಪುರದ ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಮಾಡಿದರೆ ಅದು ಪರೀಕ್ಷೆಯೇ ಅಲ್ಲ ಎನ್ನುವುದು ಮಾಲೀಕರ ಪಟ್ಟು. ವೇಗದಲ್ಲಿ ನನ್ನ ಯಂತ್ರ ಯಾವಾಗಲೂ ಒಂದು ಹೆಜ್ಜೆ ಮುಂದೆ. ಆದರೂ ಮಾಲೀಕರು ಚಹಾದ ಲೋಟ ಹಿಡಿದು ಹೋಗಿ ನಿಲ್ಲುತ್ತಿದ್ದುದು ಅವಳ ಮೇಜಿನ ಹತ್ತಿರ.

ಟಿಕೋಟಾದಲ್ಲಿ ಇನ್ನೊಂದು ಅಂಗಡಿ ತೆರೆಯುವ ಮಾತು ಬಂದಾಗ ಅದು ನನ್ನದೇ ಎಂದುಕೊಂಡೆ. ನನ್ನೂರು ಬಿಜ್ಜರಗಿ, ಟಿಕೋಟಾ ದಾಟಿಯೇ ದಿನಾ ಬಸ್ಸಿನಲ್ಲಿ ಬರುತ್ತೇನೆ. ಮಾಲೀಕರು ಮಾತ್ರ, "ಅಲ್ಲಿ ಫೋಟೋ ಸ್ಟುಡಿಯೋದವ್ರು ಎರಡು ಕಂಪ್ಯೂಟರ್ ಕೇಳ್ಯಾರ. ಒಂದು ನೀ ಮಾಡು, ಒಂದು ಆಕಿ ಮಾಡ್ಲಿ. ಯಾರ್ದು ಅವ್ರ ಮುಂದ ಛಲೋ ನಡೀತದ, ಅವ್ರಿಗೆ ಅಂಗಡಿ," ಎಂದರು.

ನಮ್ಮ ಅಂಗಡಿಯಲ್ಲೇ ಬಿಸಿಯ ಪರೀಕ್ಷೆಗೆ ಕೂತ ದಿನ ಅವಳು ಚೆಂಡು ಹೂವಿನ ಮಾಲೆ ತಂದು ಯಂತ್ರದ ಮುಂಭಾಗಕ್ಕೆ ಇಳಿಬಿಟ್ಟಳು.

"ಏನವಾ, ಕಂಪ್ಯೂಟರ್ ಲಗ್ನ ಮಾಡಾಕತ್ತೀಯೇನು?" ಎಂದು ನಕ್ಕೆ.

"ಇರ್ಲಿ ಬಿಡ್ರಿ ಅಣ್ಣಾರ," ಎಂದಳಷ್ಟೇ. ಮರುದಿನ ಯಂತ್ರ ಬಿಚ್ಚಿ, ಪಕ್ಕಕ್ಕೊಂದು ಹೆಚ್ಚಿನ ಫ್ಯಾನ್ ಕೂರಿಸಿದಳು.

ಸ್ಟುಡಿಯೋದಲ್ಲಿ ಎರಡನ್ನೂ ಮೇಜಿಗಿಟ್ಟೆವು. ಸ್ಟುಡಿಯೋದವರ ತಾಯಿ ಬಂದು ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡಕ್ಕೂ ದಪ್ಪ ಮಾಲೆ ಹಾಕಿದರು. ಆಮೇಲೆ ಎರಡಕ್ಕೂ ಒಂದೇ ಮದುವೆಯ ವಿಡಿಯೋ ಸಿದ್ಧಪಡಿಸುವ ಕೆಲಸ ಹಚ್ಚಿದೆವು. ಯಂತ್ರ ಗಾಳಿ ಎಳೆದುಕೊಳ್ಳುವುದು ಮುಂಭಾಗದಿಂದ. ಮಾಲೆ ಅಲ್ಲಿಯೇ ಅಂಟಿಕೊಂಡಿತು. ನನ್ನದರ ಫ್ಯಾನ್ ಕಿರುಚತೊಡಗಿತು. ನಾನು ಮಾಲೆಗೆ ಕೈ ಹಾಕಿದೆ.

"ತಗೀಬ್ಯಾಡಪಾ! ಹೊತ್ತು ಮುಳುಗೋತನ ಇರ್ಬೇಕದು," ಎಂದರು ಆ ತಾಯಿ.

ಸ್ವಲ್ಪ ಹೊತ್ತಿಗೆ ಬಿಸಿಯೇರಿ ನನ್ನ ಪರದೆ ಕಪ್ಪಾಯಿತು. ಪಕ್ಕದ ಫ್ಯಾನಿನಿಂದ ಗಾಳಿ ಎಳೆದುಕೊಳ್ಳುತ್ತಿದ್ದ ಅವಳದರಲ್ಲಿ ಅಕ್ಷತೆ ಬಿದ್ದು, ಊಟದ ಪಂಕ್ತಿ ನಡೆದಿತ್ತು.

"ನಿನಗ ಹೆಂಗ ಗೊತ್ತಾತು?" ಎಂದು ಹೊರಗೆ ಬಂದಮೇಲೆ ಕೇಳಿದೆ.

"ಹೊಸಾದು ಬಂದ್ರ ಎಲ್ಲಾರೂ ಪೂಜಿ ಮಾಡೇ ಮಾಡ್ತಾರಲ್ರಿ ಅಣ್ಣಾರ."

ನಮ್ಮ ಮನೆಯಲ್ಲೂ ಮಾಡುತ್ತಾರೆ. ಟ್ರ್ಯಾಕ್ಟರಿಗೆ, ಹೊಲಿಗೆ ಮಷೀನಿಗೆ, ನನ್ನ ಸ್ಕ್ರೂಡ್ರೈವರಿಗೂ. ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ, ಅದೇ ಇನ್ನೂ ಸುಡುತ್ತದೆ.

ಈಗ ಬೆಳಗಿನ ಬಸ್ಸು ಟಿಕೋಟಾದಲ್ಲಿ ಅವಳ ಅಂಗಡಿಯ ಎದುರೇ ನಿಲ್ಲುತ್ತದೆ. ನಾನು ಬೇಕೆಂದೇ ಆಚೆ ಬದಿಯ ಕಿಟಕಿ ಹಿಡಿದು ಕೂರುತ್ತೇನೆ. ಆದರೂ ಬಸ್ಸು ಹೊರಡುವಷ್ಟರಲ್ಲಿ ಕತ್ತು ತಿರುಗಿಸಿ, ಇವತ್ತು ಒಳಗೆ ಎಷ್ಟು ಗಿರಾಕಿಗಳಿದ್ದಾರೆಂದು ನೋಡಿಯೇ ಇರುತ್ತೇನೆ.